ಚಳಿಗಾಲದಲ್ಲಿ ಉಗುರಿನ ತುದಿ ಪದರ ಪದರವಾಗಿ ಏಳುವುದೇಕೆ?

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನನ್ನ ಉಗುರುಗಳ ತುದಿ ಈರುಳ್ಳಿ ಸಿಪ್ಪೆಯಂತೆ ಎದ್ದುಬರುತ್ತದೆ. ಸೆರಗಿಗೆ, ಸ್ವೆಟರಿಗೆ ಸಿಕ್ಕಿಕೊಂಡು ಹರಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿದೆ ಎನ್ನುತ್ತಾರೆ. ಮಾತ್ರೆ ತೆಗೆದುಕೊಳ್ಳಲೇ?

ಉತ್ತರ: ಉಗುರಿಗಾಗಿ ಕ್ಯಾಲ್ಸಿಯಂ ಮಾತ್ರೆ ಬೇಡ. ಮೂಳೆಗೆಂದು ವೈದ್ಯರು ಬರೆದುಕೊಟ್ಟಿದ್ದರೆ ಅದು ಬೇರೆ ಮಾತು, ನಿಲ್ಲಿಸಬೇಡಿ. ಉಗುರು ಮೂಳೆಯಲ್ಲ. ಕೂದಲಿನಂತೆ ಅದೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಗಂಧಕದ ಬೆಸುಗೆಯೇ ಉಗುರಿಗೆ ಗಟ್ಟಿತನ ಕೊಡುವುದು. ಕ್ಯಾಲ್ಸಿಯಂ ಅಲ್ಲಿರುವುದು ತೀರಾ ಅಲ್ಪ. ಉಗುರಿನ ಮೇಲಿನ ಬಿಳಿ ಚುಕ್ಕೆಗಳೂ ಹೆಚ್ಚಾಗಿ ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತುಗಳೇ.

ನಿಮ್ಮ ಉಗುರನ್ನು ಸೀಳುತ್ತಿರುವುದು ನೆನೆಯುವುದು ಮತ್ತು ಒಣಗುವುದು, ಇವೆರಡರ ನಡುವಿನ ಎಳೆದಾಟ. ಚಪ್ಪಟೆಯಾದ ಕೋಶಗಳು ಹಾಳೆಯ ಮೇಲೆ ಹಾಳೆ ಅಂಟಿದಂತೆ ಕೂಡಿಕೊಂಡು ಉಗುರಾಗಿರುತ್ತವೆ. ನೀರು ಹೀರಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಪ್ಲೈವುಡ್ ಅಂಚಿನಲ್ಲಿ ಬಾಯಿ ಬಿಡುವುದನ್ನು ನೋಡಿರುತ್ತೀರಿ. ಇಲ್ಲಿ ಆಗುವುದೂ ಅದೇ. ಮಳೆಗಾಲದಲ್ಲಿ ತೊಳೆದ ಕೈ ನಿಧಾನವಾಗಿ ಆರುತ್ತದೆ. ಚಳಿಗಾಲದ ಒಣಗಾಳಿಗೆ ಅಷ್ಟು ತಾಳ್ಮೆಯಿಲ್ಲ. ಬೀದರ್, ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರ ತುಟಿ ಹಿಮ್ಮಡಿಗಳೇ ಹೇಳುತ್ತವೆ. ಸಾಲದ್ದಕ್ಕೆ ನಲ್ಲಿಯ ನೀರು ಕೊರೆಯುತ್ತದೆಂದು ಪಾತ್ರೆಗೂ ಬಿಸಿನೀರು ಬಳಸುತ್ತೇವೆ. ಬಿಸಿನೀರು, ಸೋಪು ಎರಡೂ ಸೇರಿದರೆ ಚರ್ಮದ ಜಿಡ್ಡೂ ಉಳಿಯುವುದಿಲ್ಲ.

ಅವರೆಕಾಯಿಯ ಕಾಲವೂ ಇದೇ. ರಾತ್ರಿ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹಿದುಕುತ್ತೇವೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಜಾರುತ್ತದೆ, ಸಿಪ್ಪೆ ಬಿಡದಿದ್ದಾಗ ಉಗುರು ಊರುತ್ತೇವೆ. ಆ ಹೊತ್ತಿಗೆ ಉಗುರು ನೀರು ಕುಡಿದು ಮೆತ್ತಗಾಗಿ, ಸುಲಭವಾಗಿ ಬಾಗುವಂತಾಗಿರುತ್ತದೆ. ಬಾಗಿದ ಕಡೆ ಪದರ ಬಿಡುತ್ತದೆ. ಹಿದುಕಿದ ಬೇಳೆಯ ಸಾರನ್ನು ಬಿಡಿ ಎಂದು ಯಾರಿಗೂ ಹೇಳಲಾರೆ. ಉಗುರನ್ನು ಮೊದಲೇ ಗಿಡ್ಡವಾಗಿ ಕತ್ತರಿಸಿಕೊಳ್ಳಿ, ಬೆರಳ ತುದಿಯ ಮೆತ್ತೆಯಿಂದ ಹಿದುಕಿ, ಕೆಲಸ ಮುಗಿದೊಡನೆ ಕೈ ಒರೆಸಿ ಎಣ್ಣೆ ಹಚ್ಚಿ.

ಈ ಎಣ್ಣೆಯ ಹೊತ್ತೇ ಮುಖ್ಯ. ಮಲಗುವಾಗ ಒಮ್ಮೆ ಹಚ್ಚುವುದು ಒಳ್ಳೆಯದೇ, ಆದರೆ ಕೈ ತೊಳೆದು ಒರೆಸಿದ ಮರುಗಳಿಗೆ, ಇನ್ನೂ ತುಸು ತೇವವಿರುವಾಗ ಹಚ್ಚಿದರೆ ಒಳಗಿನ ತೇವ ಬೇಗ ಆರಿಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸಾಕು. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುವುದರಿಂದ ಬಾಯಿ ಅಗಲವಾದ ಚಿಕ್ಕ ಡಬ್ಬಿಗೆ ತುಂಬಿ ಸಿಂಕಿನ ಪಕ್ಕದಲ್ಲೇ ಇಡಿ. ಬೀರುವಿನಲ್ಲಿಟ್ಟ ಎಣ್ಣೆ ಕೈಗೆ ಬರುವುದಿಲ್ಲ. ಉಗುರಿಗಷ್ಟೇ ಅಲ್ಲ, ಬುಡದ ತೆಳು ಚರ್ಮಕ್ಕೂ ತಿಕ್ಕಿ. ಪಾತ್ರೆ ಹೆಚ್ಚಿದ್ದರೆ ಒಳಗೆ ಹತ್ತಿಯ ಅಸ್ತರಿರುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಬುಡದ ಆ ಚರ್ಮವನ್ನು ಕತ್ತರಿಸಬೇಡಿ, ಪಕ್ಕದಲ್ಲಿ ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಎಳೆಯಬೇಡಿ. ಉಗುರಿಗೂ ಚರ್ಮಕ್ಕೂ ನಡುವಿನ ಸಂದಿಯನ್ನು ಮುಚ್ಚಿರುವುದು ಅದೇ. ಅದು ಬಿರಿದರೆ ರೋಗಾಣು ಒಳಹೊಕ್ಕು ಉಗುರುಸುತ್ತು ಆಗುತ್ತದೆ. ನಿಂಬೆಹಣ್ಣು ತೂತುಮಾಡಿ ಬೆರಳಿಗೆ ಸಿಕ್ಕಿಸಿಕೊಂಡು ನರಳುವವರನ್ನು ಕಂಡು ಸಂಕಟಪಟ್ಟಿದ್ದೇನೆ. ಕೀವು ತುಂಬಿದ್ದರೆ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇರುವವರಂತೂ ಒಂದು ದಿನವೂ ತಡಮಾಡಬಾರದು. ಉಗುರುಬಣ್ಣ ಹಚ್ಚುವವರು ಅಸಿಟೋನ್ ಇರುವ ರಿಮೂವರನ್ನು ಈ ತಿಂಗಳುಗಳಲ್ಲಿ ದೂರವಿಟ್ಟರೆ ಒಳಿತು.

ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ಜನವರಿಯಲ್ಲಿ ಸೀಳಿದ ತುದಿ ಹಿಂದಿನ ಮಳೆಗಾಲದಲ್ಲಿ ಬುಡದಿಂದ ಹೊರಟದ್ದು. ಸೀಳಿದ್ದು ಮತ್ತೆ ಅಂಟುವುದಿಲ್ಲ, ಕತ್ತರಿಸಿ. ಈಗಿನಿಂದ ಎಣ್ಣೆ ಬಿಡದೆ ಹಚ್ಚಿದರೆ ಚಳಿ ಇಳಿಯುವ ಶಿವರಾತ್ರಿಯ ಹೊತ್ತಿಗೆ ವ್ಯತ್ಯಾಸ ಕಾಣಬೇಕು.

ಬೇಸಿಗೆಯಲ್ಲೂ ಸೀಳುತ್ತಿದ್ದರೆ ಕಾರಣ ಒಳಗಿರಬಹುದು. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿ. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆಯೇ ವೈದ್ಯರಿಗೆ ತಿಳಿಸಿ, ಅದು ಥೈರಾಯ್ಡ್ ವರದಿಯನ್ನು ತಪ್ಪಾಗಿಸಬಲ್ಲದು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಇನ್ನೊಂದನ್ನು ಮನೆಯಲ್ಲೇ ನೋಡಿಕೊಳ್ಳಬಹುದು: ಉಗುರಿನ ಮೇಲೆ ಒಂದು ಹನಿ ನೀರು ಬಿಡಿ. ಜಾರಿಹೋಗದೆ, ಚಮಚದಲ್ಲಿ ನಿಂತಂತೆ ಅಲ್ಲೇ ನಿಂತರೆ ಅದು ಕಬ್ಬಿಣಾಂಶದ ಕೊರತೆಯಿರಬಹುದು. ಆಗ ಚಳಿಗಾಲ ಮುಗಿಯಲೆಂದು ಕಾಯಬೇಡಿ.