ಪದ ಪರಿಚಯ: ಪರಿವರ್ತನಾ ವಲಯ

‘ಗರ್ಭಚೀಲದ ಬಾಯಿಗೆ ಹುಣ್ಣಾಗೇತಿ’ ಎಂಬ ಮಾತು ಜಮಖಂಡಿ, ಗೋಕಾಕ, ಸಿಂದಗಿ ಕಡೆಯ ಹೆಂಗಸರಿಗೆ ಹೊಸದಲ್ಲ. ಅದಕ್ಕೆ ಹೆದರಿ ಸಣ್ಣ ವಯಸ್ಸಿನಲ್ಲೇ ಚೀಲ ತೆಗೆಸಿಕೊಂಡವರೂ ಇದ್ದಾರೆ. ಆದರೆ ಎಷ್ಟೋ ಸಲ ಅಲ್ಲಿ ಗಾಯವೇ ಇರುವುದಿಲ್ಲ. ಒಳಗಿರಬೇಕಾದ ಕೆಂಪು ಹೊದಿಕೆ ಹೊರಗೆ ಕಾಣುತ್ತಿರುತ್ತದೆ, ಅಷ್ಟೇ. ಇದು ಯಾಕೆ ಎಂದು ತಿಳಿಯಲು ‘ಪರಿವರ್ತನಾ ವಲಯ’, ಅಂದರೆ ವೈದ್ಯರು ಟ್ರಾನ್ಸ್‌ಫಾರ್ಮೇಶನ್ ಝೋನ್ ಎನ್ನುವ ಪದ ಗೊತ್ತಿರಬೇಕು.

ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ, ಹೊರಮೈಗೆ ಹಲವು ಪದರಗಳ, ತಿಳಿ ಗುಲಾಬಿ ಬಣ್ಣದ ಗಟ್ಟಿ ಹೊದಿಕೆ. ಒಳನಾಳಕ್ಕೆ ಲೋಳೆ ಸುರಿಸುವ ಉದ್ದನೆಯ ಕೋಶಗಳ ಒಂದೇ ಪದರ. ಅದು ತೆಳುವಾದ್ದರಿಂದ ಅಡಿಯ ರಕ್ತನಾಳ ಕಂಡು ಕೆಂಪಗಿರುತ್ತದೆ, ಮುಟ್ಟಿದರೆ ರಕ್ತ ಒಸರುವುದೂ ಉಂಟು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಹಾಗೆ ಎರಡೂ ಹೊದಿಕೆ ಒಂದು ಗೆರೆಯಲ್ಲಿ ಕೂಡುತ್ತವೆ. ಸೀರೆಯ ಕೊಂಡಿ ಇದ್ದಲ್ಲೇ ಇರುತ್ತದೆ. ಈ ಗೆರೆ ಸರಿಯುತ್ತದೆ.

ಮೈನೆರೆದಾಗ, ಬಸಿರಾದಾಗ ಈಸ್ಟ್ರೊಜನ್ ಎಂಬ ಹಾರ್ಮೋನು ಏರಿ ಗರ್ಭಕಂಠ ಉಬ್ಬುತ್ತದೆ, ಒಳಗಿನ ಕೆಂಪು ಹೊದಿಕೆ ಹೊರಕ್ಕೆ ಮಗುಚುತ್ತದೆ. ಯೋನಿಯ ಹುಳಿ, ಅಂದರೆ ಸುಮಾರು 4ರ ಪಿಎಚ್, ಅದಕ್ಕೆ ತಗಲುತ್ತದೆ. ಆಗ ಅಡಿಯಲ್ಲಿರುವ ಮೀಸಲು ಕೋಶಗಳು ಬೆಳೆದು ಅದೇ ಜಾಗದಲ್ಲಿ ಹಲವು ಪದರಗಳ ಹೊದಿಕೆ ಕಟ್ಟುತ್ತವೆ. ಹಳೆಯ ಗೆರೆಗೂ ಹೊಸ ಗೆರೆಗೂ ನಡುವಿನ ಈ ಪಟ್ಟಿಯೇ ಪರಿವರ್ತನಾ ವಲಯ. ಅಲ್ಲಿ ಜೋಳದ ಕಾಳಿನಷ್ಟು ಹಳದಿ ಗುಳ್ಳೆ ಕಂಡರೆ ಗಾಬರಿ ಬೇಡ: ಲೋಳೆ ಗ್ರಂಥಿಯ ಬಾಯಿ ಹೊಸ ಹೊದಿಕೆಯಡಿ ಮುಚ್ಚಿಹೋದ ಗುರುತು ಅದು.

ಗರ್ಭಕಂಠದ ಕ್ಯಾನ್ಸರ್ ಬಹುಪಾಲು ಶುರುವಾಗುವುದೂ ಈ ಪಟ್ಟಿಯಲ್ಲೇ. ಕೋಶಗಳು ಚುರುಕಾಗಿ ಒಡೆಯುವ ಜಾಗ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿಗೆ ಸಲೀಸು. ಈ ಕ್ಯಾನ್ಸರುಗಳಲ್ಲಿ ಸುಮಾರು 70% ಅದರ 16 ಮತ್ತು 18ನೇ ಬಗೆಗಳಿಂದ ಬರುತ್ತವೆ. ವೈರಸ್ಸಿನ ಇ6 ಪ್ರೋಟೀನು ಕೋಶದ ಕಾವಲುಗಾರ ಪಿ53ನ್ನು ನಾಶಮಾಡಿದರೆ, ಇ7 ಪ್ರೋಟೀನು ಇನ್ನೊಂದು ಕಾವಲುಗಾರ ಆರ್‌ಬಿಯನ್ನು ಕಟ್ಟಿಹಾಕುತ್ತದೆ.

ಯಾವ ಹೊದಿಕೆ ಎಲ್ಲಿ ಎಂಬ ಹಂಚಿಕೆ ಭ್ರೂಣ ಬೆಳೆಯುವಾಗಿನದು. ಭ್ರೂಣದಲ್ಲಿ ಗರ್ಭಚೀಲವಾಗಿ ಬೆಳೆಯುವ ಮ್ಯುಲರ್ ನಾಳದ ಕೋಶಗಳಲ್ಲಿ ಪಿ63 ಎಂಬ ಜೀನು ಎಚ್ಚೆತ್ತರೆ ಹಲವು ಪದರ, ಎಚ್ಚೆತ್ತುಕೊಳ್ಳದಿದ್ದರೆ ಒಂದೇ ಪದರ. ವಿಜ್ಞಾನಿಗಳಾದ ತಕೇಶಿ ಕುರಿಟಾ, ಜೆರಾಲ್ಡ್ ಕುನ್ಹಾ ಮತ್ತು ಸಂಗಡಿಗರು 2004ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ: ಡಿಇಎಸ್ ಎಂಬ ಕೃತಕ ಈಸ್ಟ್ರೊಜನ್ ಕೊಟ್ಟರೆ ಪಿ63 ಏಳುವುದಿಲ್ಲ, ಗಟ್ಟಿ ಹೊದಿಕೆ ಇರಬೇಕಾದಲ್ಲಿ ಲೋಳೆಯ ಪದರ ಉಳಿಯುತ್ತದೆ. ಗರ್ಭಪಾತವಾಗದೆ ಬಸಿರು ಉಳಿಯಲೆಂದು ಅಮೆರಿಕದಲ್ಲಿ ತಾಯಂದಿರಿಗೆ ಕೊಟ್ಟ ಔಷಧಿಯಿದು. 1971ರಲ್ಲಿ ಬೋಸ್ಟನ್ನಿನ ವೈದ್ಯರು ಯೋನಿಯ ಅಪರೂಪದ ಕ್ಯಾನ್ಸರಾದ 8 ಎಳೆಯರನ್ನು ಪರಿಶೀಲಿಸಿದಾಗ 7 ಮಂದಿಯ ತಾಯಂದಿರು ಇದನ್ನು ತೆಗೆದುಕೊಂಡಿದ್ದರು.

ಈಗ ತಪಾಸಣೆಗೆ ಬರೋಣ. ಸರಕಾರಿ ಮಾರ್ಗಸೂಚಿಯಂತೆ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ, ಅಂದರೆ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ. 95 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 5 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಮ್ಲ ಬೆರೆಸಿ, ಹತ್ತಿಯಲ್ಲಿ ಗರ್ಭಕಂಠಕ್ಕೆ ಹಚ್ಚಿ, ಪೂರ್ತಿ ಒಂದು ನಿಮಿಷ ಕಾಯಬೇಕು. ಕೆಟ್ಟ ಕೋಶಗಳಲ್ಲಿ ಪ್ರೋಟೀನು ಹೆಚ್ಚು, ಅದು ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ. ಗೆರೆಗೆ ಅಂಟಿದ, ದಟ್ಟ, ಅಂಚು ಸ್ಪಷ್ಟವಿರುವ ಬಿಳಿ ಕಲೆಯಷ್ಟೇ ಪಾಸಿಟಿವ್. ಇಲ್ಲಿ ತಪ್ಪುವುದು ಅವಸರದಿಂದ, ಮಂದ ಬೆಳಕಿನಿಂದ, ದಿನಗಟ್ಟಲೆ ಇಟ್ಟ ದ್ರಾವಣದಿಂದ. ಉರಿಯೂತವಿದ್ದಾಗಲೂ, ಹೊಸದಾಗಿ ಕಟ್ಟುತ್ತಿರುವ ಹೊದಿಕೆಯಲ್ಲೂ ಮಾಸಲು ಬಿಳಿ ಕಾಣುತ್ತದೆ. ಅದನ್ನು ರೋಗವೆಂದು ಬರೆಯಬಾರದು.

ಮುಟ್ಟು ನಿಂತ ಮೇಲೆ ಗೆರೆ ನಾಳದೊಳಕ್ಕೆ ಸರಿದಿರುತ್ತದೆ. ಗೆರೆಯೇ ಕಾಣದಾಗ ‘ಬಿಳಿ ಇಲ್ಲ’ ಎಂಬ ಫಲಿತಾಂಶಕ್ಕೆ ಬೆಲೆಯಿಲ್ಲ, ಅಂಥವರಿಗೆ ಎಚ್‌ಪಿವಿ ಪರೀಕ್ಷೆಯೇ ಮೇಲು. ವಿಜಯಪುರಕ್ಕೆ ದೂರವಲ್ಲದ, ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ (ಈಗಿನ ಧಾರಾಶಿವ) 30ರಿಂದ 59 ವಯಸ್ಸಿನ 1,31,746 ಹೆಂಗಸರ ಅಧ್ಯಯನ ನಡೆದಿತ್ತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿದದ್ದು 2009ರಲ್ಲಿ ಪ್ರಕಟವಾಯಿತು.

ವಲಯ ಪೂರ್ತಿ ಕಾಣುತ್ತಿದ್ದು, ಕಲೆ ನಾಳದೊಳಕ್ಕೆ ಹೋಗಿರದೆ, ಕ್ಯಾನ್ಸರಿನ ಅನುಮಾನವೂ ಇಲ್ಲದಿದ್ದರೆ, ಕನಿಷ್ಠ 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಪ್ರೋಬನ್ನು 20ರಿಂದ 30 ಸೆಕೆಂಡು ಒತ್ತಿ ಹಿಡಿದು ಆ ಪಟ್ಟಿಯನ್ನಷ್ಟೇ ಸುಡುತ್ತಾರೆ. ಹೆಂಗಸು ಅದೇ ದಿನ ಮನೆಗೆ ಹೋಗುತ್ತಾಳೆ, ಚೀಲ ಇದ್ದಲ್ಲೇ ಇರುತ್ತದೆ.