ಕುಟುಂಬ ಪಿಂಚಣಿ: ಒಕ್ಕಕ್ಕಲ್ಲ, ಹೆಂಡತಿಗೆ

ಸೇನೆಯಲ್ಲಿದ್ದವರು ತೀರಿಕೊಂಡ ಮೇಲೆ ಅವರ ಹೆಂಡತಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣವೇ ಕುಟುಂಬ ಪಿಂಚಣಿ. ಹೆಂಡತಿ ಇಲ್ಲದಿದ್ದರೆ ಅರ್ಹ ಮಕ್ಕಳಿಗೆ, ಅವರೂ ಇಲ್ಲದಿದ್ದರೆ ಮಗನನ್ನೇ ನಂಬಿಕೊಂಡಿದ್ದ ತಂದೆ-ತಾಯಿಗೆ ಬರುತ್ತದೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಕೊಡಗಿನಲ್ಲಿ ಇದನ್ನು ವಿವರಿಸಬೇಕಾ ಅನ್ನಿಸಬಹುದು. ಬೇಕು. ಪಿಂಚಣಿಯೂ ತೋಟದ ಹಾಗೆ ಪಾಲಾಗುತ್ತದೆ ಅಂದುಕೊಂಡವರು ಇಲ್ಲಿ ಈಗಲೂ ಸಿಗುತ್ತಾರೆ.

ತಲೆತಲಾಂತರದಿಂದ ಬಂದ ಜಮ್ಮಾ ಭೂಮಿ ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಪಹಣಿಯಲ್ಲಿ ಪಟ್ಟೆದಾರನ, ಅಂದರೆ ಒಕ್ಕದ ಹಿರಿಯನ ಹೆಸರಿದ್ದರೂ ಹಕ್ಕು ಅವನೊಬ್ಬನದಲ್ಲ. ಕುಟುಂಬ ಪಿಂಚಣಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಸತ್ತವರ ಆಸ್ತಿಯೇ ಅಲ್ಲ. ನಿಯಮ ಯಾರನ್ನು ತೋರಿಸುತ್ತದೋ ಅವರಿಗೇ ಹೋಗುತ್ತದೆ. ವಿಲ್ ಬರೆದು ತಮ್ಮನಿಗೋ ಅಣ್ಣನ ಮಗನಿಗೋ ಕೊಡಲು ಬರುವುದಿಲ್ಲ. ಒಬ್ಬ ರೈಲ್ವೆ ನೌಕರ ಹೀಗೇ ತಮ್ಮ ಸಹೋದರನ ಹೆಸರಿಗೆ ವಿಲ್ ಬರೆದಿದ್ದರು. ಕುಟುಂಬ ಪಿಂಚಣಿ ವಿಲ್‌ಗೆ ಸೇರುವುದಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾಮಿನಿ ಮಾಡಿದ್ದರೂ ಅಷ್ಟೇ. ಸಾಯುವ ದಿನದವರೆಗಿನ ಬಾಕಿ ಮಾತ್ರ ನಾಮಿನಿಗೆ ಸಿಗುತ್ತದೆ.

ಎಷ್ಟು ಬರುತ್ತದೆ ಅನ್ನುವುದು ಸಾವು ಹೇಗಾಯಿತು ಅನ್ನುವುದರ ಮೇಲಿದೆ. ಕೊನೆಯ ಸಂಬಳ 40,000 ರೂಪಾಯಿ ಇತ್ತು ಅನ್ನೋಣ. ಮಾಮೂಲಿ ಸಾವಾದರೆ ಸಾಮಾನ್ಯ ಕುಟುಂಬ ಪಿಂಚಣಿ, ಶೇ. 30, ಅಂದರೆ 12,000. ಸೇವೆಯ ಕಾರಣದಿಂದಲೇ ಸಾವಾಗಿದ್ದರೆ ವಿಶೇಷ ಕುಟುಂಬ ಪಿಂಚಣಿ, ಶೇ. 60, ಅಂದರೆ 24,000. ಯುದ್ಧದಲ್ಲಿ ಮಡಿದವರ ಮನೆಗೆ ಉದಾರೀಕೃತ ಕುಟುಂಬ ಪಿಂಚಣಿ, ಇದು ಪೂರ್ತಿ 40,000. ಇವೆಲ್ಲದರ ಮೇಲೆ ಬೆಲೆ ಏರಿಕೆಗೆಂದು ಕೊಡುವ ತುಟ್ಟಿ ಪರಿಹಾರ ಬೇರೆ. ಸಾಮಾನ್ಯ ಪಿಂಚಣಿಯ ಮೂಲ ಮೊತ್ತ 9,000ಕ್ಕಿಂತ ಕೆಳಗಿಳಿಯುವುದಿಲ್ಲ.

ಮಾಜಿ ಸೈನಿಕರ ಮನೆಗಳಲ್ಲಿ ಜಾಸ್ತಿ ಗೊಂದಲ ಇರುವುದು ಈ ಶೇ. 30ರ ವಿಚಾರದಲ್ಲೇ. ನಿವೃತ್ತರು ತೀರಿಕೊಂಡರೆ ಮೊದಲ 7 ವರ್ಷ, ಇಲ್ಲವೇ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಶೇ. 50 ಸಿಗುತ್ತದೆ. ಆಮೇಲೆ 30. ಹಾಗಾಗಿ 58ಕ್ಕೆ ಹೋದವರ ಹೆಂಡತಿಗೆ ಪೂರ್ತಿ 7 ವರ್ಷ ಹೆಚ್ಚಿನ ದರ. 64ಕ್ಕೆ ಹೋದರೆ ಮೂರೇ ವರ್ಷ. 72ಕ್ಕೆ ಹೋದರೆ ನೇರ ಶೇ. 30. ಗಂಡನಿಗೆ ಬರುತ್ತಿದ್ದುದು ಒಮ್ಮೆಲೇ ಇಳಿದಾಗ ಬ್ಯಾಂಕಿನವರು ತಪ್ಪು ಮಾಡಿದ್ದಾರೆ ಅನ್ನಿಸುವುದು ಸಹಜ ಅಲ್ವಾ? ತಪ್ಪಲ್ಲ, ನಿಯಮವೇ ಹಾಗಿದೆ. 80 ದಾಟಿದ ಅಜ್ಜಿಯಂದಿರಿಗೆ ಅವರ ಮೂಲ ಕುಟುಂಬ ಪಿಂಚಣಿಯ ಶೇ. 20 ಮತ್ತೆ ಸೇರುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಎರಡರಷ್ಟು.

ದುಡ್ಡಿನ ಲೆಕ್ಕಕ್ಕಿಂತ ನಿಜವಾದ ತಲೆನೋವು ಹೆಸರಿನದು. ಮದುವೆಯಾದ ಮೇಲೆ ಕೊಡವ ಹೆಣ್ಣುಮಕ್ಕಳ ಮನೆ ಹೆಸರು ಬದಲಾಗುತ್ತದೆ. ಆಧಾರ್‌ನಲ್ಲಿ ಗಂಡನ ಮನೆ ಹೆಸರು, ಶಾಲೆಯ ಸರ್ಟಿಫಿಕೇಟ್‌ನಲ್ಲಿ ತವರಿನದು, ಸೇನೆಯ ರೆಕಾರ್ಡ್ ಆಫೀಸಿನಲ್ಲಿ ಯಾವುದೋ ಇನಿಷಿಯಲ್. ಸಾಲದ್ದಕ್ಕೆ ಪ್ರತಿ ಗುಮಾಸ್ತನದೂ ಒಂದೊಂದು ಸ್ಪೆಲಿಂಗ್. ಗಂಡ ಇರುವಾಗ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಅವರು ಹೋದ ಮೇಲೆ, ಪಿಪಿಒದಲ್ಲಿರುವ (ಪಿಂಚಣಿ ಪಾವತಿ ಆದೇಶ) ಹೆಂಗಸು ನಾನೇ ಎಂದು ಆಕೆಯೇ ಸಾಬೀತು ಮಾಡಬೇಕು. ಗಂಡ ಬದುಕಿರುವಾಗಲೇ ಅರ್ಜಿ ಹಾಕಿ ಸರಿಪಡಿಸಿಕೊಂಡರೆ ಕೆಲಸ ಸುಲಭ. ಸೇನೆ ಬಿಟ್ಟ ಮೇಲೆ ಮದುವೆಯಾದವರಂತೂ ಹೆಂಡತಿಯ ಹೆಸರು ಪಿಪಿಒಗೆ ಸೇರಿದೆಯೇ ಎಂದು ಇವತ್ತೇ ತೆಗೆದು ನೋಡಬೇಕು. ದುಡಿಯಲಾಗದ ಅಂಗವಿಕಲ ಮಗುವಿದ್ದರೆ ಅದರ ಹೆಸರೂ ಸೇರಲಿ. ಅಂಥ ಮಗುವಿಗೆ ಜೀವನಪೂರ್ತಿ ಪಿಂಚಣಿ ಸಿಗುತ್ತದೆ. ಉಳಿದ ಮಕ್ಕಳಿಗೆ 25 ವರ್ಷ, ಮದುವೆ ಅಥವಾ ಸ್ವಂತ ದುಡಿಮೆಯೇ ಮಿತಿ. ಆದಾಯವಿಲ್ಲದ ಅವಿವಾಹಿತ, ವಿಧವೆ, ವಿಚ್ಛೇದಿತ ಹೆಣ್ಣುಮಕ್ಕಳಿಗೆ ಷರತ್ತಿನ ಮೇಲೆ ಆಮೇಲೂ ಉಂಟು.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಮಿಲಿಟರಿಯಿಂದ ಬಂದು ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿ ಅಲ್ಲೂ ಪಿಂಚಣಿ ಗಳಿಸಿದವರಿದ್ದಾರೆ. ಮೊದಲು ಅವರ ಮನೆಯವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. 2012ರ ಸೆಪ್ಟೆಂಬರ್ 24ರಿಂದ ಎರಡೂ ಕುಟುಂಬ ಪಿಂಚಣಿ ಸಿಗುತ್ತವೆ. ಹಳೆಯ ಕಾಲದಲ್ಲಿ ಒಂದನ್ನು ಬಿಟ್ಟುಕೊಟ್ಟ ಹಿರಿಯರು ಮನೆಯಲ್ಲಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲಿ ಸುಮ್ನೆ ಒಮ್ಮೆ ಕೇಳಿ ನೋಡಿ.

ಮಂಜೂರಾದ ಮೇಲೂ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಅರೇಬಿಕಾ ಕೊಯ್ಲು ಶುರುವಾಗುವ, ಸುಗ್ಗಿ ಹಬ್ಬ ಪುತ್ತರಿ ಹತ್ತಿರವಾಗುವ ತಿಂಗಳು. ಪೇಟೆಗೆ ಹೋಗಲು ಪುರುಸೊತ್ತಿಲ್ಲದಿದ್ದರೆ ಮೊಮ್ಮಕ್ಕಳ ಮೊಬೈಲಿನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಮುಂದೆ ಮುಖ ತೋರಿಸಿದರೂ ಆಗುತ್ತದೆ. ಮರೆತರೆ ಪಿಂಚಣಿ ನಿಲ್ಲುತ್ತದೆ. ಆದರೆ ರದ್ದಾಗುವುದಿಲ್ಲ, ಪ್ರಮಾಣಪತ್ರ ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ.