‘ಎಂಜಿನಿಯರಿಂಗೇ ಯಾಕೆ?’ ಎಂದು ಕೇಳಿದರೆ ಏನು ಬರೆಯಲಿ?

ಓದುಗರ ಪ್ರಶ್ನೆ: ಎಂಜಿನಿಯರಿಂಗ್ ಸೇರಲು ಅರ್ಜಿ ಹಾಕುತ್ತಿದ್ದೇನೆ. ಇದನ್ನೇ ಯಾಕೆ ಓದಬೇಕೆಂದಿದ್ದೀರಿ ಎಂದು ಒಂದು ಪುಟ ಬರೆಯಬೇಕಂತೆ. ಗಣಿತ, ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿವೆ. ಚಿಕ್ಕಂದಿನಿಂದಲೂ ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡುವ ಹುಚ್ಚು. ಒಳ್ಳೆಯ ಸಂಬಳ ಬರಲಿ ಎಂಬ ಆಸೆಯೂ ಇದೆ. ಇಷ್ಟು ಕಾರಣ ಸಾಕೇ?

ಉತ್ತರ: ಮೂರೂ ನಿಜವಾದ ಕಾರಣಗಳೇ, ಆದರೆ ಮೂರಕ್ಕೂ ಒಂದೇ ತೂಕವಿಲ್ಲ. ಅಂಕಗಳು ನೀವು ಈ ಕೋರ್ಸನ್ನು ಓದಬಲ್ಲಿರಿ ಎಂದು ಹೇಳುತ್ತವೆ, ಓದಬೇಕು ಎಂದಲ್ಲ. ಅದೇ ಅಂಕಪಟ್ಟಿ ಹಿಡಿದು ಸಂಖ್ಯಾಶಾಸ್ತ್ರಕ್ಕೂ ಹೋಗಬಹುದಲ್ಲ! ಸಂಬಳದ ಆಸೆಗೆ ನಾಚಬೇಕಾಗಿಲ್ಲ. ಮನೆಯ ಹೊಣೆ ಹೊರಬೇಕಾದವರಿಗೆ ಅದು ದೊಡ್ಡ ಕಾರಣವೇ. ಆದರೆ ಅರ್ಜಿ ಓದುವವರಿಗೆ ಅದರಿಂದ ನಿಮ್ಮ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಬಿಚ್ಚಿ ನೋಡುವ ಹುಚ್ಚಿನಲ್ಲಿ ತಿರುಳಿದೆ. ಅದನ್ನು ಇನ್ನೂ ಸ್ವಲ್ಪ ಕೆದಕಿ. ಬಿಚ್ಚಿದ ಮೇಲೆ ಏನು ಮಾಡಿದಿರಿ? ಎಲ್ಲಿ ಕೈ ಕಟ್ಟಿತು?

ನನಗೆ ಗೊತ್ತಿರುವ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅವನ ಅಜ್ಜಿಗೆ ಕಿವಿ ಮಂದ, ಕೈಯಲ್ಲಿ ನಡುಕ. ಅವರ ಕಿವಿಯ ಮಷಿನಿಗೆ ಹಾಕುವ ಗುಂಡಿ ಬ್ಯಾಟರಿಯ ಅಗಲ 8 ಮಿಲಿಮೀಟರಿಗಿಂತ ಕಡಿಮೆ, ದಪ್ಪ 4ಕ್ಕಿಂತ ಕಡಿಮೆ. ಅದನ್ನು ಹಾಕಲು ಹೋಗಿ ಅಜ್ಜಿ ಪ್ರತಿ ಸಲ ನೆಲಕ್ಕೆ ಬೀಳಿಸುತ್ತಿದ್ದರು. ಬ್ಯಾಟರಿಯ ಕವಚ ಉಕ್ಕಿನದು, ಅದಕ್ಕೆ ಹುಡುಗ ಒಂದು ಕಡ್ಡಿಯ ತುದಿಗೆ ಪುಟ್ಟ ಮ್ಯಾಗ್ನೆಟ್ ಅಂಟಿಸಿಕೊಟ್ಟ. ಬ್ಯಾಟರಿ ಚೆನ್ನಾಗಿ ಕಚ್ಚಿಕೊಂಡಿತು, ಗೂಡಿನೊಳಗೂ ಕೂತಿತು. ಕಡ್ಡಿ ಎಳೆದಾಗ ಅದರ ಜೊತೆಗೇ ಎದ್ದುಬಂತು!

ಎರಡನೆಯ ಸಲ ಕಡ್ಡಿಯ ಸುತ್ತ ಒಂದು ಕೊಳವೆ ತೊಡಿಸಿದ. ಕೊಳವೆಯ ಬಾಯಿ ಬ್ಯಾಟರಿಯನ್ನು ಒತ್ತಿ ಹಿಡಿದಿರುವಾಗ ಮ್ಯಾಗ್ನೆಟ್ಟನ್ನು ಮಾತ್ರ ಹಿಂದಕ್ಕೆ ಎಳೆಯುವುದು. ಅವನ ಕೈಯಲ್ಲಿ ಸಲೀಸಾಗಿ ಕೆಲಸ ಮಾಡಿತು. ಅಜ್ಜಿಗೆ ಆಗಲಿಲ್ಲ. ಒಂದು ಕೈಯಲ್ಲಿ ಮಷಿನು, ಇನ್ನೊಂದರಲ್ಲಿ ಕೊಳವೆ. ಮ್ಯಾಗ್ನೆಟ್ ಎಳೆಯಲು ಮೂರನೆಯ ಕೈ ಎಲ್ಲಿಂದ ತರುವುದು? ಮೂರನೆಯ ಸಲ ಹಳೆಯ ಬಾಲ್‌ಪೆನ್ನಿನ ಸ್ಪ್ರಿಂಗ್ ಸೇರಿಸಿದ. ಹೆಬ್ಬೆರಳಿನಲ್ಲಿ ಒತ್ತಿದರೆ ಮ್ಯಾಗ್ನೆಟ್ ಮುಂದೆ ಬರುತ್ತದೆ, ಬೆರಳು ಸಡಿಲಿಸಿದರೆ ತಾನಾಗಿ ಹಿಂದೆ ಸರಿಯುತ್ತದೆ.

ಇದನ್ನೆಲ್ಲ ಮಾಡಿದ್ದ ಹುಡುಗ ತನ್ನ ಅರ್ಜಿಯಲ್ಲಿ ಮೊದಲು ಬರೆದಿದ್ದೇನು ಗೊತ್ತೇ? ‘ತಂತ್ರಜ್ಞಾನದ ಮೂಲಕ ಸಮಾಜದ ಸೇವೆ ಮಾಡುವ ಹಂಬಲ ನನ್ನದು.’ ಓದಿ ನನಗೆ ಸಂಕಟವಾಯಿತು. ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಮೂರನೆಯ ಕೈ ಇಲ್ಲ ಎಂದು ಕಂಡುಕೊಂಡವನು ಅವನೊಬ್ಬನೇ. ಬಳಸುವವರ ಕೈಗೆ ಕೊಟ್ಟು, ಅಲ್ಲಿ ಸೋತು, ಮತ್ತೆ ಮಾಡಿದ್ದನಲ್ಲ, ಎಂಜಿನಿಯರಿಂಗಿನ ಜೀವ ಇರುವುದೇ ಅಲ್ಲಿ.

ಹಾಗಾದರೆ ಕೈಯಲ್ಲೇ ಮಾಡಿ ಕಲಿಯಬಹುದಲ್ಲ, ನಾಲ್ಕು ವರ್ಷ ಓದುವುದು ಯಾಕೆ ಎಂದು ನೀವು ಕೇಳಬಹುದು. ಕಡ್ಡಿಯನ್ನು ಮೂರು ಸಲ ಕೆಡಿಸಿ ಮಾಡಬಹುದು, ಸೇತುವೆಯನ್ನು ಹಾಗೆ ಮಾಡಲು ಬರುವುದಿಲ್ಲ.

ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಹಯಾತ್ ರೀಜೆನ್ಸಿ ಹೋಟೆಲಿನ ಪಡಸಾಲೆಯ ಮೇಲೆ ಕಾಲುಸೇತುವೆಗಳನ್ನು ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಹಾಕಿದ್ದರು. ನಾಲ್ಕನೆಯ ಮಹಡಿಯದರ ನೇರ ಕೆಳಗೆ ಎರಡನೆಯ ಮಹಡಿಯದು. ಮೊದಲ ನಕ್ಷೆಯಲ್ಲಿ ಒಂದೇ ಉದ್ದನೆಯ ಸರಳು ಎರಡನ್ನೂ ಹಿಡಿಯಬೇಕಿತ್ತು. ಅಷ್ಟುದ್ದದ ಸರಳಿಗೆ ತಿರುಪಿನ ಗೆರೆ ಕೊರೆದು ನಟ್ ಏರಿಸುವುದು ಕಷ್ಟವೆಂದು ಅದನ್ನು ಎರಡು ತುಂಡು ಮಾಡಿದರು: ಮೇಲಿನ ಸೇತುವೆ ಚಾವಣಿಗೆ, ಕೆಳಗಿನದು ಮೇಲಿನದಕ್ಕೆ. ಇಬ್ಬರು ಒಂದೇ ಹಗ್ಗ ಹಿಡಿದು ಜೋತಾಡುವುದಕ್ಕೂ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿದು ಜೋತಾಡುವುದಕ್ಕೂ ಇರುವ ವ್ಯತ್ಯಾಸ ಅದು. ಹಗ್ಗಕ್ಕೆ ಭಾರ ಅಷ್ಟೇ, ಮೇಲಿನವನ ಕೈಗೆ ಮಾತ್ರ ಎರಡರಷ್ಟು. ಮೇಲಿನ ತೊಲೆಯನ್ನು ಹೊತ್ತಿದ್ದ ನಟ್‌ಗಳಿಗೂ ಹಾಗೆಯೇ ಆಯಿತು. 1981ರ ಜುಲೈ 17ರ ಸಂಜೆ, ಕೆಳಗೆ ಜನ ಸೇರಿ ಕುಣಿಯುತ್ತಿದ್ದಾಗ ಎರಡೂ ಸೇತುವೆಗಳು ಕಳಚಿಬಿದ್ದವು. 114 ಜನ ಸತ್ತರು. ಆಮೇಲೆ ನೋಡಿದರೆ ಮೊದಲ ನಕ್ಷೆಯೇ ಕಟ್ಟಡದ ನಿಯಮ ಕೇಳುವಷ್ಟು ಗಟ್ಟಿ ಇರಲಿಲ್ಲ. ಕಾಗದದ ಮೇಲೆ ಕೂತು ಭಾರದ ದಾರಿ ಹಿಡಿದು ಲೆಕ್ಕ ಮಾಡಿದ್ದರೆ ಎರಡೂ ತಪ್ಪು ಕಾಣುತ್ತಿದ್ದವು.

ಆ ಲೆಕ್ಕ ಕಲಿಯುವುದಕ್ಕೇ ಓದು. ಅದಕ್ಕೇ ಮೊದಲ ವರ್ಷದಲ್ಲಿ ಕೈಕೆಲಸ ಕಡಿಮೆ, ಕಲನಶಾಸ್ತ್ರ, ಬಲವಿಜ್ಞಾನ, ನಕ್ಷೆ ಬರೆಯುವುದೇ ಹೆಚ್ಚು. ರೋಬೋ ಮಾಡುವ ಕನಸು ಹೊತ್ತು ಬಂದವರು ಸುಸ್ತಾಗುವುದೂ ಇಲ್ಲೇ. ಯಾವ ಲೆಕ್ಕ ತನಗೆ ಯಾಕೆ ಬೇಕು ಎಂದು ಗೊತ್ತಿದ್ದವರಿಗೆ ಈ ವರ್ಷ ಅಷ್ಟು ಭಾರವಾಗುವುದಿಲ್ಲ.

ಆದ್ದರಿಂದ ನಿಮ್ಮ ಪುಟಕ್ಕೆ ನಾನು ಹೇಳುವುದಿಷ್ಟು. ಅಂಕಗಳಿಗೆ ಒಂದು ಸಾಲು ಸಾಕು. ನೀವು ಬಿಚ್ಚಿದ್ದರಲ್ಲಿ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದು ಯಾಕೆ ಹಾಗಿತ್ತು, ನೀವು ಏನು ಬದಲಿಸಲು ಹೋದಿರಿ, ಎಲ್ಲಿ ಕೆಟ್ಟಿತು ಎಂದು ನಡೆದದ್ದು ನಡೆದ ಹಾಗೆ ಬರೆಯಿರಿ. ಕೆಟ್ಟದ್ದನ್ನು ಮುಚ್ಚಿಡಬೇಡಿ. ಕೊನೆಗೆ, ಕೈಯಿಂದ ಎಷ್ಟು ಮಾಡಿದರೂ ನಿಮಗೆ ದಾಟಲಾಗದ ಜಾಗವನ್ನು ತೋರಿಸಿ. ಅಂಥ ಜಾಗ ಎಷ್ಟು ಹುಡುಕಿದರೂ ಸಿಗದಿದ್ದರೆ, ಅರ್ಜಿ ಹಾಕುವ ಮೊದಲೇ ಕೂತು ಯೋಚಿಸುವುದು ಒಳ್ಳೆಯದು. ನಿಮ್ಮ ಮನಸ್ಸು ಬೇರೆ ಓದಿನ ಕಡೆ ಇರಬಹುದು.

ಆ ಹುಡುಗ ಸೇವೆಯ ಸಾಲನ್ನು ಹೊಡೆದುಹಾಕಿ ಅಜ್ಜಿಯ ಬ್ಯಾಟರಿಯ ಕಥೆ ಬರೆದ. ಅವನ ಪುಟ ಹೀಗೆ ಮುಗಿಯುತ್ತಿತ್ತು: ‘ಸ್ಪ್ರಿಂಗ್ ಗಟ್ಟಿಯಾದರೆ ಅಜ್ಜಿಯ ಹೆಬ್ಬೆರಳು ಸೋಲುತ್ತದೆ. ಮೆತ್ತಗಾದರೆ ಮ್ಯಾಗ್ನೆಟ್ ಹಿಂದೆ ಬರುವುದಿಲ್ಲ. ನನ್ನ ಡಬ್ಬಿಯಲ್ಲಿದ್ದ ಸ್ಪ್ರಿಂಗುಗಳನ್ನೆಲ್ಲ ಹಾಕಿ ನೋಡಿದೆ. ಎಷ್ಟು ಗಟ್ಟಿಯದು ಬೇಕು ಎಂದು ಲೆಕ್ಕ ಹಾಕಲು ನನಗೆ ಬರುವುದಿಲ್ಲ.’